ಎಂಜಲಗೈ ಫೋಟೊ

ವರ್ಷಕ್ಕೊಮ್ಮೆ, ಜನವರಿಯಲ್ಲಿ, ನನ್ನ ಫೋನು ಒಂದು ಫೋಟೊವನ್ನು ತಾನಾಗಿಯೇ ತೆಗೆದು ಮುಂದೆ ಹಿಡಿಯುತ್ತದೆ. ‘ಈ ದಿನದ ನೆನಪು’ ಅಂತ ಮೇಲೆ ಬರೆದಿರುತ್ತದೆ. ನಾನೇನೂ ಕೇಳಿರುವುದಿಲ್ಲ. ಫೋಟೊದಲ್ಲಿ ನಾನಿದ್ದೇನೆ, ಮೂವತ್ತೆರಡೂ ಹಲ್ಲು ಕಾಣುವ ಹಾಗೆ ನಗುತ್ತಿದ್ದೇನೆ. ಹಿಂದೆ ಒಬ್ಬ ನಟರು ಊಟದಿಂದ ಅರ್ಧ ಎದ್ದು ನಿಂತಿದ್ದಾರೆ. ಅವರ ಬಾಯಲ್ಲಿ ತುತ್ತಿದೆ, ಒಂದು ಕೆನ್ನೆ ಉಬ್ಬಿದೆ. ಬಲಗೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದಾರೆ, ನನ್ನ ಸೀರೆಗೆ ತಾಗಬಾರದು ಅಂತ. ಐದೂ ಬೆರಳಿಗೆ ಪುಂಡಿಪಲ್ಯ ಮೆತ್ತಿದೆ. ಅವತ್ತು ಈ ಫೋಟೊಕ್ಕೆ 140 ಲೈಕ್ ಬಂದಿತ್ತು. ಈಗ ಅದನ್ನು ಅಳಿಸಲೂ ಮನಸ್ಸು ಬರುವುದಿಲ್ಲ, ನೋಡಲೂ ಆಗುವುದಿಲ್ಲ.

ಹೊಸಪೇಟೆಯಿಂದ ಕೊಪ್ಪಳಕ್ಕೆ ವಾಪಸ್ ಬರುತ್ತಿದ್ದೆವು. ಗವಿಮಠದ ಜಾತ್ರೆಯ ದಿನಗಳು. ದಾಸೋಹಕ್ಕೆ ರೊಟ್ಟಿ ಹೊತ್ತ ಟ್ರ್ಯಾಕ್ಟರುಗಳು ರಸ್ತೆಯಲ್ಲಿ ಸಾಲುಗಟ್ಟಿದ್ದವು. ಹಿಟ್ನಾಳದ ಹತ್ತಿರ ಒಂದು ಖಾನಾವಳಿಗೆ ಊಟಕ್ಕೆ ಇಳಿದೆವು. ಮೂಲೆಯ ಟೇಬಲ್ಲಿನಲ್ಲಿ ಅವರು ಒಬ್ಬರೇ ಕೂತಿದ್ದರು. ದೊಡ್ಡ ಹೀರೋ ಏನಲ್ಲ. ಧಾರಾವಾಹಿಯಲ್ಲಿ ಮಾವನ ಪಾತ್ರ, ಸಿನಿಮಾದಲ್ಲಿ ಇನ್‌ಸ್ಪೆಕ್ಟರ್ ಅಥವಾ ಊರಗೌಡ, ಆ ಥರ. ನಿಜ ಹೇಳಬೇಕೆಂದರೆ ನನಗೆ ಅವರ ಹೆಸರೂ ಗೊತ್ತಿರಲಿಲ್ಲ. ಮುಖ ಗೊತ್ತಿತ್ತು, ಅಷ್ಟು ಸಾಕಾಯಿತು. ನನ್ನ ಗಂಡ ಮೆಲ್ಲಗೆ “ಊಟ ಮಾಡ್ಲಿ ಬಿಡಾ” ಅಂದರು. ನಾನು ಆಗಲೇ ಎದ್ದಾಗಿತ್ತು.

“ಸರ್ರ, ಒಂದ್ ಫೋಟೊ ರೀ.” ಅವರು ಅರ್ಧ ಎದ್ದರು. ಎಡಗೈ ಟೇಬಲ್ ಕೆಳಗೇ ಇತ್ತು. ಎಡಗೈ ಕೊಟ್ಟರೆ ಮರ್ಯಾದೆ ಅಲ್ಲ, ಬಲಗೈ ಎಂಜಲು. ಹಾಗಾಗಿ ಕೈಮುಗಿಯಲೂ ಆಗದೆ ತಲೆಯನ್ನಷ್ಟೇ ಬಗ್ಗಿಸಿದರು. “ಕೈ ತೊಳಕೊಂಡ್ ಬರ್ಲೇನ್ರಿ?” ಅಂತ ಕೇಳಿದರು. “ಬ್ಯಾಡ್ರಿ ಬ್ಯಾಡ್ರಿ, ಎರಡೇ ಸೆಕೆಂಡು” ಅಂದೆ. ಈ ಎರಡೇ ಸೆಕೆಂಡು ಅನ್ನುವ ಮಾತೇ ನನ್ನನ್ನು ಇವತ್ತಿಗೂ ಕುಟುಕುವುದು. ಮೊದಲನೇ ಫೋಟೊ ಅಲ್ಲಾಡಿತು. ಎರಡನೆಯದರಲ್ಲಿ ನನ್ನ ಕಣ್ಣು ಮುಚ್ಚಿತ್ತು. ಮೂರನೆಯದಕ್ಕೆ ಮಗನನ್ನು ಕರೆದೆ. ಅಷ್ಟರಲ್ಲಿ ಪಕ್ಕದ ಟೇಬಲ್ಲಿನವರೂ ಎದ್ದರು, ಅವರ ಹಿಂದೆ ಲಾರಿ ಡ್ರೈವರುಗಳು. ಬಡಿಸುವ ಹುಡುಗ ಕೈಯಲ್ಲಿ ಬಿಸಿ ರೊಟ್ಟಿ ಹಿಡಿದು ಜಾಗ ಸಿಗದೆ ನಿಂತಿದ್ದ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಬಿಸಿ ರೊಟ್ಟಿ ಆರಿದ ಮೇಲೆ ಅದು ಬೇರೆಯೇ ಊಟ. ಎಲ್ಲರದೂ ಮುಗಿದ ಮೇಲೆ ಅವರು ಕೂತರು. ಬೆರಳಿನ ಮೇಲಿನ ಪಲ್ಯ ಒಣಗಿತ್ತು. ಅದನ್ನೊಮ್ಮೆ ನೋಡಿಕೊಂಡರು. ಲೋಟದ ನೀರನ್ನು ತಾಟಿನಲ್ಲೇ ಸುರಿದು ಕೈ ತೊಳೆದುಬಿಟ್ಟರು. ಇನ್ನೂ ಮುಟ್ಟದ ಎಣ್ಣೆಗಾಯಿಯೊಂದು ಆ ನೀರಿನಲ್ಲಿ ತೇಲಿತು.

ಮನೆಗೆ ಬಂದು ಫೋಟೊ ಹಾಕಿದೆ. ‘ಖ್ಯಾತ ನಟರೊಂದಿಗೆ’ ಅಂತ ಬರೆದೆ. ಹೆಸರು ಬರೆಯದೇ ಹೋದದ್ದು ಯಾಕೆ ಅಂತ ಈಗ ನಿಮಗೆ ಗೊತ್ತಾಯಿತಲ್ಲ.

ದೇವರು ಹೀಗೆ ಮಾಡ್ತಾನಾ

ರಾಜಕುಮಾರ್ ಅವರು ಅಭಿಮಾನಿಗಳನ್ನು ದೇವರುಗಳು ಅಂದರು. ಎಂಥ ದೊಡ್ಡ ಮಾತು. ಆದರೆ ನಾವು ಅದರ ಅರ್ಧವನ್ನಷ್ಟೇ ಕೇಳಿಸಿಕೊಂಡೆವು ಅನ್ನಿಸುತ್ತದೆ. ದೇವರು ಅಂತ ಕರೆಸಿಕೊಂಡ ಮೇಲೆ ದೇವರ ಹಾಗೆ ಇರಬೇಕಲ್ಲ? ನಮ್ಮ ಮನೆದೇವರು ಇಷ್ಟು ವರ್ಷದಲ್ಲಿ ಒಂದು ದಿನವೂ ನಾನು ಊಟ ಮಾಡುವಾಗ ಬಂದು ಹೆಗಲ ಮೇಲೆ ಕೈ ಹಾಕಿಲ್ಲ. ನಾನು ಆಸ್ಪತ್ರೆಯ ಬಾಗಿಲಲ್ಲಿ ಅಳುತ್ತ ನಿಂತಾಗ ‘ಸ್ವಲ್ಪ ನಕ್ಕೊಂಡು ಈ ಕಡೆ ನೋಡು’ ಅಂದಿಲ್ಲ.

ಇನ್ನೊಂದು ಅಳತೆಗೋಲಿದೆ. ಹೊಸಪೇಟೆಯವರಿಗೆ ಅಪ್ಪು ಮೇಲೆ ಎಂಥ ಪ್ರೀತಿ ಅಂತ ಗೊತ್ತೇ ಇದೆ. 2021ರ ಅಕ್ಟೋಬರ್ 29ರಂದು ಅವರು ಹೋದರು, ಮರುವರ್ಷವೇ ಅಲ್ಲಿ ಪ್ರತಿಮೆ ನಿಂತಿತು. ಅವರ ಬಗ್ಗೆ ಎಲ್ಲರೂ ಹೇಳುವುದು ಒಂದೇ ಮಾತು, ಯಾರಿಗೂ ಇಲ್ಲ ಅಂದವರಲ್ಲ ಅಂತ. ಆ ಒಳ್ಳೆತನವನ್ನೇ ಈಗ ಬೇರೆಯವರಿಗೆ ಬಡಿಯುವ ಬಡಿಗೆ ಮಾಡಿಕೊಂಡಿದ್ದೇವೆ. ಯಾವನೋ ಹೊಸ ನಟ ಜ್ವರ ಬಂದು ಕಾರಿನಿಂದ ಇಳಿಯಲಿಲ್ಲ ಅಂತಿಟ್ಟುಕೊಳ್ಳಿ. “ಅಪ್ಪು ಆಗಿದ್ರ ಇಳೀತಿದ್ದ್ರು, ಇಂವಗ ಈಗ್ಲೇ ಸೊಕ್ಕು” ಅಂದುಬಿಡುತ್ತೇವೆ. ಒಬ್ಬರು ತಾವಾಗಿಯೇ ಕೊಟ್ಟದ್ದನ್ನು ಎಲ್ಲರಿಂದಲೂ ಬಾಕಿ ವಸೂಲಿ ಮಾಡಿದ ಹಾಗೆ. ಪ್ರೀತಿ ತಿರುಗಿದರೆ ಎಷ್ಟು ಬೇಗ ತಿರುಗುತ್ತದೆ ಅನ್ನುವುದನ್ನೂ ಅದೇ ಊರು ನೋಡಿದೆ. 2022ರ ಡಿಸೆಂಬರಿನಲ್ಲಿ ಹಾಡು ಬಿಡುಗಡೆಗೆ ಬಂದ ನಟರೊಬ್ಬರ ಮೇಲೆ ಗುಂಪಿನಿಂದ ಚಪ್ಪಲಿ ತೂರಿ ಬಂತು. ಹೂವು ಎಸೆಯುವಷ್ಟು ಹತ್ತಿರ ಹೋದವರಿಗೆ ಚಪ್ಪಲಿ ಎಸೆಯುವುದೂ ಅಷ್ಟೇ ಸುಲಭ, ಅಲ್ವಾ?

ಹಾಸ್ಯ ಮಾತುಗಾರರ ಪಾಡು ಇನ್ನೂ ಬೇರೆ. ಗಂಗಾವತಿ ಪ್ರಾಣೇಶರಿಂದಾಗಿ ನಮ್ಮ ಕಡೆ ಹಾಸ್ಯ ಭಾಷಣ ಅಂದರೆ ಮನೆಮಾತು. ಊರೂರಿಗೆ ಸಣ್ಣಪುಟ್ಟ ನಗೆಮಾತುಗಾರರೂ ಹುಟ್ಟಿಕೊಂಡಿದ್ದಾರೆ. ನಮ್ಮ ಸಂಬಂಧಿಕರಲ್ಲೇ ಅಂಥವರೊಬ್ಬರಿದ್ದಾರೆ. ಮಣ್ಣಿಗೆ ಹೋದಲ್ಲೂ ಯಾರೋ ಪಕ್ಕಕ್ಕೆ ಬಂದು “ಒಂದರ ಹೇಳ್ರಿ ಸರ, ಮನಸ್ ಹಗುರಾಗ್ಲಿ” ಅಂದರಂತೆ. ಹೆಣ ಇನ್ನೂ ಎತ್ತಿರಲಿಲ್ಲ.

ಬೆನ್ನು

ಸೆಲ್ಫಿಯಲ್ಲಿ ಒಂದು ವಿಚಿತ್ರ ಇದೆ. ನೋಡಬೇಕು ಅಂತ ಹಂಬಲಿಸಿದವರು ಎದುರಿಗೆ ಬಂದ ಕೂಡಲೇ ನಾವು ತಿರುಗಿ ಅವರಿಗೆ ಬೆನ್ನು ಹಾಕಿ ನಿಲ್ಲುತ್ತೇವೆ. ಗುಡಿಯಲ್ಲಿ, ಮಠದಲ್ಲಿ ನಮ್ಮ ಹಿರಿಯರು ಕಲಿಸಿದ್ದು ಇದರ ಉಲ್ಟಾ. ದರ್ಶನ ಆದ ಮೇಲೆ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ಆಮೇಲೆ ತಿರುಗು, ಬೆನ್ನು ತೋರಿಸಬೇಡ. ನನ್ನ ಫೋಟೊದಲ್ಲಿ ನಾನು ಆ ನಟರನ್ನು ನೋಡುತ್ತಲೇ ಇಲ್ಲ, ನನ್ನನ್ನು ನೋಡಿಕೊಳ್ಳುತ್ತಿದ್ದೇನೆ. ಅವರ ಮುಖ ಹೇಗಿತ್ತು ಅಂತ ನನಗೆ ಗೊತ್ತಾದದ್ದು ಕೊಪ್ಪಳಕ್ಕೆ ಬಂದು ಫೋಟೊ ಹಿಗ್ಗಿಸಿ ನೋಡಿದಾಗ.

ರಾಯಚೂರಿನಲ್ಲಿರುವ ನನ್ನ ಅಣ್ಣನ ಮಗ ಒಮ್ಮೆ ಮಂತ್ರಾಲಯದಿಂದ ಒಂದು ಫೋಟೊ ಕಳಿಸಿದ್ದ. ರಾಯರ ಬೃಂದಾವನದ ಮುಂದೆ ಗಂಡಸರೆಲ್ಲ ಅಂಗಿ ಬಿಚ್ಚಿ ಹೋಗಬೇಕಲ್ಲ, ಹೆಸರಿದ್ದ ನಟರೊಬ್ಬರೂ ಹಾಗೇ ಪಂಚೆ ಉಟ್ಟು, ಬರಿಮೈಯಲ್ಲಿ ಸಾಲಿನಲ್ಲಿ ನಿಂತಿದ್ದರು. ದೂರದಿಂದ ಕದ್ದು ತೆಗೆದ ಫೋಟೊ. ಕೆಳಗೆ ಅವನು ಬರೆದದ್ದು ಹೊಟ್ಟೆಯ ಬಗ್ಗೆ. ‘ಸಿಕ್ಸ್ ಪ್ಯಾಕ್ ಎಲ್ಲಿ ಹೋತು ಅತ್ತೀ’ ಅಂತ, ನಗುವ ಚಿತ್ರ ಬೇರೆ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಯೋಚನೆಯಾಯಿತು. ಅಂಗಿ ಬಿಚ್ಚಿಸುವುದು ಯಾಕೆ? ಅಲ್ಲಿ ಸಾಹುಕಾರನೂ ಕೂಲಿಯೂ ಒಂದೇ ಆಗಲಿ ಅಂತ ನಾನು ತಿಳಿದಿದ್ದೆ. ಆ ಒಂದು ಜಾಗದಲ್ಲಾದರೂ ಆ ಮನುಷ್ಯ ಯಾರೂ ಅಲ್ಲದೆ ನಿಂತಿದ್ದ. ನಾವು ಅದನ್ನೂ ಬಿಡಲಿಲ್ಲ.

ಹಾಗಂತ ಹಿಂದಿನವರೆಲ್ಲ ಭಾರಿ ಸಂಭಾವಿತರಾಗಿದ್ದರು ಅಂತ ನಾನು ಹೇಳಹೊರಟಿಲ್ಲ. ನಮ್ಮ ಹಳ್ಳಿ ನಾಟಕಗಳ ಆಯೇರಿ ನೆನಪಿಸಿಕೊಳ್ಳಿ. ದುರ್ಯೋಧನ ಮೀಸೆ ತಿರುವಿ ಗರ್ಜಿಸುತ್ತಿರುತ್ತಾನೆ. ನಡುವೆ ಮೈಕು ಗೊರಗುಟ್ಟಿ, ಇಂಥವರಿಂದ 11 ರೂಪಾಯಿ ಆಯೇರಿ ಅಂತ ಕೂಗುತ್ತದೆ. ಹೆಗಲ ಮೇಲೆ ಟವೆಲ್ ಹಾಕಿದ ಗೌಡರೊಬ್ಬರು ನಿಧಾನಕ್ಕೆ ರಂಗ ಹತ್ತುತ್ತಾರೆ. ದುರ್ಯೋಧನನ ವೆಲ್ವೆಟ್ ಕೋಟಿಗೆ ನೋಟನ್ನು ಪಿನ್ನು ಚುಚ್ಚಿ ಸಿಕ್ಕಿಸುತ್ತಾರೆ. ಆತ ಸಿಟ್ಟು ಬದಿಗಿಟ್ಟು ಕೈಮುಗಿಯುತ್ತಾನೆ, ಅವರು ಇಳಿದ ಮೇಲೆ ಸಿಟ್ಟನ್ನು ಮತ್ತೆ ಎಲ್ಲಿ ಬಿಟ್ಟಿದ್ದನೋ ಅಲ್ಲಿಂದ ಶುರು ಮಾಡುತ್ತಾನೆ. ಅಡ್ಡಿ ಅಂದರೆ ಇದಕ್ಕಿಂತ ದೊಡ್ಡ ಅಡ್ಡಿ ಉಂಟೇ? ಗೌಡರಿಗೂ ನಾಲ್ಕು ಜನರ ಮುಂದೆ ತಮ್ಮ ಹೆಸರು ಕೂಗಿಸಿಕೊಳ್ಳುವ ಚಪಲವೇ. ಆದರೆ ಅವರು ಬರಿಗೈಯಲ್ಲಿ ಹತ್ತಿರಲಿಲ್ಲ. ಮತ್ತೆ, ಇಳಿಯುವುದು ಯಾವಾಗ ಅಂತ ಗೊತ್ತಿತ್ತು.

ಬಿಸಿನೀರು

ನನ್ನ ತವರು ಸಿರುಗುಪ್ಪ. ನಾನು ಆಗ ನಾಲ್ಕನೇ ಇಯತ್ತೆ ಓದುತ್ತಿದ್ದೆ. ಸುಗ್ಗಿ ಮುಗಿದು ಜನರ ಕೈಯಲ್ಲಿ ಭತ್ತದ ದುಡ್ಡು ಓಡಾಡುವ ಹೊತ್ತಿಗೆ ಸರಿಯಾಗಿ ಒಂದು ನಾಟಕ ಕಂಪನಿ ಬಂದು ಟೆಂಟು ಹೊಡೆಯಿತು. ಕಂಪನಿಯ ನಾಯಕಿ ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಳು. ರಾತ್ರಿ ಅವಳು ರಾಣಿ. ಹಾಡಿಗೆ ಒನ್ಸ್‌ಮೋರ್, ಸಿಳ್ಳೆ, ಚಿಲ್ಲರೆ ಕಾಸಿನ ಮಳೆ. ಬೆಳಿಗ್ಗೆ ಪ್ಲಾಸ್ಟಿಕ್ ಕೊಡ ಹಿಡಿದು ನಳಕ್ಕೆ ಬಂದರೆ ಹೆಂಗಸರು ತಮ್ಮ ಕೊಡಗಳನ್ನು ಅರ್ಧ ಅಡಿ ಆಚೆ ಸರಿಸುತ್ತಿದ್ದರು. ‘ನಾಟಕದಾಕಿ’ ಅಂತಲೇ ಕರೆಯುತ್ತಿದ್ದರು. ಗಂಡಸರು ಚಾದಂಗಡಿಯಿಂದ ಕಣ್ಣು ಕೀಳುತ್ತಿರಲಿಲ್ಲ. ನಾವು ಹುಡುಗರು ‘ರಾಣಿ ಬಂದ್ಲು, ರಾಣಿ ಬಂದ್ಲು’ ಅಂತ ಅವಳ ಹಿಂದೆ ಮನೆತನಕ ಹೋಗುತ್ತಿದ್ದೆವು. ಅವಳು ಹೇಳುವ ಡೈಲಾಗು ಇಡೀ ಓಣಿಗೆ ಬಾಯಿಪಾಠ ಇತ್ತು. ಹೆಸರು ಯಾರಿಗೂ ಗೊತ್ತಿರಲಿಲ್ಲ. (ಖಾನಾವಳಿಯ ನಟರನ್ನು ನೆನೆದಾಗಲೆಲ್ಲ ಇದೂ ನೆನಪಾಗುತ್ತದೆ.)

ಒಂದು ಶುಕ್ರವಾರ ಅವ್ವ ನನ್ನನ್ನು ಕರೆದು, “ಹೋಗು, ಆಕೀನ ಕರಕೊಂಡ್ ಬಾ. ನಮ್ಮವ್ವ ಉಡಿ ತುಂಬ್ತಾಳಂತ್ರಿ, ಬರ್ಬೇಕಂತ್ರಿ ಅನ್ನು” ಅಂದಳು. ಓಡಿದೆ. ಅವಳು ಬಾಗಿಲು ತೆರೆದು ನನ್ನ ಮಾತು ಕೇಳಿ, “ನನ್ನೇ ಅಂದ್ರೇನ? ಸರಿ ಕೇಳಿಸ್ಕೊಂಡಿ ಇಲ್ಲೋ?” ಅಂತ ಎರಡು ಸಲ ಕೇಳಿದಳು.

ಬಂದಳು. ಹೊಸ್ತಿಲ ಆಚೆಯೇ ನಿಂತಳು. ಅವ್ವ ಒಳಗೆ ಕರೆದು ಚಾಪೆ ಹಾಸಿ ಕೂರಿಸಿದಳು. ಅರಿಸಿನ ಕುಂಕುಮ ಹಚ್ಚಿ ಉಡಿ ತುಂಬಿದಳು. ಅಕ್ಕಿ, ಕುಬಸದ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ. ಅವ್ವನ ಪಕ್ಕದಲ್ಲಿ ಕೂತು ನಾನು ಅವಳನ್ನು ಅಷ್ಟು ಹತ್ತಿರದಿಂದ ನೋಡುತ್ತಿದ್ದದ್ದು ಅದೇ ಮೊದಲು. ಕಿವಿಯ ಹಿಂದೆ, ಕೂದಲು ಶುರುವಾಗುವ ಕಡೆ, ರಾತ್ರಿಯ ಬಣ್ಣದ ಗೆರೆಯೊಂದು ತೊಳೆಯದೆ ಉಳಿದಿತ್ತು. ಕೊಬ್ಬರಿ ಎಣ್ಣೆಯಲ್ಲಿ ಎಷ್ಟು ಒರೆಸಿದರೂ ಹೋಗದ ಗುಲಾಬಿ ಬಣ್ಣ. ಹಿಮ್ಮಡಿ ಒಡೆದಿತ್ತು. ರಾಣಿಯ ಹಿಮ್ಮಡಿಯೂ ನಮ್ಮವ್ವನ ಹಿಮ್ಮಡಿಯ ಹಾಗೇ ಒಡೆದಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆ ಹಾಡು ಹಾಡ್ರಿ ಅಂತ ಕೇಳಬೇಕು ಅಂತ ಬಾಯಿ ತೆರೆದೆ. ಅವ್ವ ಆ ಕಡೆ ನೋಡುತ್ತಲೇ ಈ ಕಡೆ ನನ್ನ ತೊಡೆ ಚಿವುಟಿದಳು.

ಅವ್ವ ಕೇಳಿದ್ದು ಒಂದೇ ಪ್ರಶ್ನೆ. “ನಿದ್ದಿ ಆಗತೈತೇನವ್ವ ಸರಿಯಾಗಿ?”

“ಎಲ್ಲಿ ನಿದ್ದಿ ಬಿಡ್ರಿ ಅಕ್ಕಾರ” ಅಂತ ಅವಳು ನಕ್ಕಳು. ಸ್ವಲ್ಪ ಹೊತ್ತು ಸೆರಗಿನಲ್ಲಿ ಉಡಿ ಹಿಡಿದುಕೊಂಡು ಸುಮ್ಮನೆ ಕೂತಳು. ಆಮೇಲೆ, ತೀರ ಸಣ್ಣ ದನಿಯಲ್ಲಿ, “ಅಕ್ಕಾರ, ಒಂದೀಟು ಬಿಸಿನೀರು ಸಿಗತೈತೇನ್ರಿ? ತಲಿಗೆ ಎರಕೊಂಡು ಭಾಳ ದಿನಾತು” ಅಂದಳು. ಸಾವಿರ ಜನಕ್ಕೆ ಕೇಳುವ ಹಾಗೆ ಹಾಡುವ ಗಂಟಲು ಅದು. ಪಕ್ಕದ ಕೋಣೆಯಲ್ಲಿದ್ದಿದ್ದರೆ ಕೇಳಿಸುತ್ತಿರಲಿಲ್ಲ.

ಅವ್ವ ಹಂಡೆಗೆ ಬೆಂಕಿ ಹಾಕಿದಳು, ಸೀಗೆಪುಡಿ ಕಲಸಿ ಕೊಟ್ಟಳು. ಅವಳು ಎರಕೊಂಡು ಹಿತ್ತಲಿನ ಬಿಸಿಲಲ್ಲಿ ಕೂದಲು ಹರವಿ ಕೂತವಳು ಹಾಗೇ ಚಾಪೆಯ ಮೇಲೆ ಮಲಗಿಬಿಟ್ಟಳು. ಸುದ್ದಿ ಓಣಿಯಲ್ಲಿ ಹಬ್ಬಿತು. ಕೊಡ ಸರಿಸುತ್ತಿದ್ದವರೆಲ್ಲ ಮಜ್ಜಿಗೆ ಕೇಳುವ ನೆಪ, ಮೊರ ಕೇಳುವ ನೆಪ ಮಾಡಿಕೊಂಡು ಬಂದರು. ಅವ್ವ ಬಾಗಿಲಿಗೆ ಅಡ್ಡ ನಿಂತು ಎಲ್ಲರಿಗೂ “ಮನ್ಯಾಗ ಯಾರೂ ಇಲ್ಲ” ಅಂದಳು. ತಾನೇ ಮನೆಯಲ್ಲಿ ನಿಂತುಕೊಂಡು! ಸಂಜೆ ಅವಳು ಹೋದ ಮೇಲೆ ನಾನು ಅಳುತ್ತ ಕೇಳಿದೆ, ಒಂದು ಹಾಡು ಯಾಕೆ ಹಾಡಿಸಲಿಲ್ಲ ಅಂತ. “ರಾತ್ರಿ ಹಾಡತಾಳಲ್ಲ. ಟಿಕೀಟು ಕೊಟ್ಟು ಕೇಳು” ಅಂದಳು ಅವ್ವ.

ಇಷ್ಟು ಹೇಳಿ ನಿಲ್ಲಿಸಿದರೆ ಅವ್ವನನ್ನು ದೇವತೆ ಮಾಡಿದ ಹಾಗಾಗುತ್ತದೆ. ಹಾಗೇನಿಲ್ಲ. ಮುಂದೆ 20 ವರ್ಷ, ಮದುವೆ ಇರಲಿ ಸೀಮಂತ ಇರಲಿ, “ನಮ್ಮ ಹಂಡೇದಾಗ ತಲಿ ಎರಕೊಂಡಾಳ ಆಕಿ, ನಮ್ಮ ಹಿತ್ತಲದಾಗ ಮಲಗ್ಯಾಳ” ಅಂತ ಹೇಳಿಕೊಂಡು ಮೆರೆದದ್ದೂ ಅವಳೇ. ಒಬ್ಬೊಬ್ಬರಿಗೆ ಹೇಳುವಾಗ ಮಲಗಿದ ಹೊತ್ತು ಒಂದೊಂದು ತಾಸು ಜಾಸ್ತಿಯಾಗುತ್ತಿತ್ತು. ಫೋಟೊ ಇರಲಿಲ್ಲ, ಅಷ್ಟೇ.

ಗುರುತು ಹಿಡಿಯದೇ ಇದ್ದರೆ

ದೂರ ಇರುವುದೇ ಸಭ್ಯತೆ ಅಂತ ತೀರ್ಮಾನ ಮಾಡಿಕೊಂಡು ನಾನು ಕೆಲವು ವರ್ಷ ಯಾರ ಹತ್ತಿರವೂ ಹೋಗಲಿಲ್ಲ. ಅದೂ ಸರಿಬರಲಿಲ್ಲ. ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ಒಂದು ಕಾರ್ಯಕ್ರಮ ಮುಗಿದು ಹೊರಗೆ ಬಂದಾಗ, ಮೆಟ್ಟಿಲ ಹತ್ತಿರ ವಯಸ್ಸಾದ ರಂಗನಟರೊಬ್ಬರು ಆಟೊಕ್ಕೆ ಕಾಯುತ್ತ ನಿಂತಿದ್ದರು. ಸಣ್ಣವಳಿದ್ದಾಗ ಅವರ ಪಾತ್ರಗಳನ್ನು ನೋಡಿದ್ದೆ. ತೊಂದರೆ ಕೊಡಬಾರದು ಅಂತ ಪಕ್ಕದಿಂದ ತಲೆ ತಗ್ಗಿಸಿ ದಾಟಿದೆ. ಅವರೇ ಕರೆದರು. “ಏನವ್ವ, ನಾ ಯಾರಂತ ಗೊತ್ತಾತೇನು?” ಗೊತ್ತಾತ್ರಿ ಅಂದೆ. ಪಾತ್ರದ ಹೆಸರು ಹೇಳಿದೆ. ಅವರ ಮುಖ ಅರಳಿದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ನನ್ನ ಸಭ್ಯತೆ ಅವರಿಗೆ ಮರೆವಿನ ಹಾಗೆ ಕಂಡಿತ್ತು.

ಆ ಮಂದಿರಕ್ಕೆ ಹೆಸರು ಕೊಟ್ಟ ಬಳ್ಳಾರಿ ರಾಘವ ಅವರ ಕಾಲವೇ ವಾಸಿ ಅನ್ನಿಸುತ್ತದೆ. ಅಷ್ಟು ದೊಡ್ಡ ನಟ, ವೃತ್ತಿಯಲ್ಲಿ ವಕೀಲರು. 1946ರಲ್ಲಿ ತೀರಿಕೊಂಡರು. ರಾತ್ರಿ ಹರಿಶ್ಚಂದ್ರನನ್ನು ನೋಡಿ ಅತ್ತವನಿಗೆ ಬೆಳಿಗ್ಗೆ ಅವರನ್ನು ಕಾಣಬೇಕಿದ್ದರೆ ಕೇಸಿನ ಕಾಗದ ಹಿಡಿದು ಹೋದರೆ ಸಾಕಿತ್ತು. ಮಾತಾಡಲು ಒಂದು ಕಾರಣ ಇರುತ್ತಿತ್ತು. ಮುಖವನ್ನೇ ಯಾರೂ ನೋಡದ ಪ್ರಸಿದ್ಧಿಯೂ ನಮ್ಮಲ್ಲಿದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತು ದಾಟಿದ ಮೇಲೆ. ತೊಗಲುಗೊಂಬೆ ಆಡಿಸುವವರು ಪರದೆಯ ಹಿಂದೆ ಕೂತಿರುತ್ತಾರೆ. ಜನ ನೋಡುವುದು ರಾಮನನ್ನು, ಹನುಮಂತನನ್ನು. ಪ್ರಶಸ್ತಿಗೆ ಮುಂಚೆ ಕೊಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ಅವರು ನನ್ನ ಪಕ್ಕದಲ್ಲೇ ಕೂತಿದ್ದರೂ ಸರಿದು ಕೂಡಜ್ಜಿ ಅನ್ನುತ್ತಿದ್ದೆನೇನೋ.

ದೊಡ್ಡವರ ಹತ್ತಿರ ಹೋಗುವುದು ಹೇಗೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ಕಣ್ಣಿಗೆ ಬರುವುದು ನಮ್ಮ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ. 2021ರ ನವೆಂಬರಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ರಾಷ್ಟ್ರಪತಿ ಕೋವಿಂದ್ ಅವರ ಮುಂದೆ ಹೋಗಿ ನಿಂತವರು, ಮೊದಲು ಸೆರಗು ಹಿಡಿದು ಅವರ ದೃಷ್ಟಿ ತೆಗೆದರು. ದಿಲ್ಲಿಯ ಆ ಕೆಂಪು ಹಾಸಿನ ಮೇಲೆ, ಓಣಿಯ ಮಗುವಿಗೆ ತೆಗೆದ ಹಾಗೆ. ರಾಷ್ಟ್ರಪತಿ ಕೈಮುಗಿದು ನಿಂತಿದ್ದರು. ಆ ವಿಡಿಯೊ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಕಳೆದ ವರ್ಷ ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬರುತ್ತಿದ್ದೆ. ನನ್ನದು ಮೇಲಿನ ಬರ್ತು. ಕೆಳಗೆ ಯಾರೋ ಅಜ್ಜಾರು ಮಫ್ಲರ್ ಸುತ್ತಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದರು. “ಹ್ಞೂಂ, ಹತ್ತೀನಿ. ಗುಳಿಗಿ ತಗೊಂಡೀನಿ. ಬಳ್ಳಾರ್ಯಾಗ ಇಳೀತೀನಿ.” ದನಿ ಕೇಳಿ ಎದ್ದು ಕೂತುಬಿಟ್ಟೆ. ರೇಡಿಯೊದಲ್ಲಿ ಆ ದನಿಯ ವಚನ ಕೇಳಿಕೊಂಡೇ ನಾನು ಬೆಳೆದದ್ದು. ತಲೆದಿಂಬಿನ ಕೆಳಗೆ ಫೋನಿತ್ತು. ಏನು ಹೇಳಲಿ, ಹೇಗೆ ಶುರು ಮಾಡಲಿ ಅಂತ ರಾತ್ರಿಯೆಲ್ಲ ವಾಕ್ಯ ಕಟ್ಟಿದೆ, ಬಿಚ್ಚಿದೆ. ಗುಂತಕಲ್ಲಿನಲ್ಲಿ ಗಾಡಿ ನಿಂತಾಗ ಬಗ್ಗಿ ನೋಡಿದೆ. ಅವರು ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದರು.

ಬಳ್ಳಾರಿ ಹತ್ತಿರ ಬಂತು. ಅವರು ಏಳಲಿಲ್ಲ. ಕೆಳಗಿಳಿದು ಕಾಲಿನ ಹತ್ತಿರ ನಿಂತು, “ಸರ್ರ, ಬಳ್ಳಾರಿ ಬಂತ್ರಿ” ಅಂದೆ.

“ಆಂ? ಹೌದೇನ? ಚೊಲೋ ಎಬ್ಬಿಸಿದಿ ತಂಗಿ, ಇಲ್ಲಾಂದ್ರ ಹುಬ್ಬಳ್ಳಿಗೆ ಹೋಗ್ತಿದ್ನಿ.” ಗಡಿಬಿಡಿಯಲ್ಲಿ ಚೀಲ ತೆಗೆದುಕೊಂಡರು, ಕಾಲು ಇಳಿಬಿಟ್ಟು ತಡಕಾಡಿದರು. ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದು ಇಲ್ಲ. ಗಾಡಿ ಪ್ಲಾಟ್‌ಫಾರ್ಮಿಗೆ ಬಂದಾಗಿತ್ತು. ನಾನು ಮೊಣಕಾಲೂರಿ ಫೋನಿನ ಟಾರ್ಚು ಹಾಕಿ ಸೀಟಿನ ಕೆಳಗೆ ತೂರಿದೆ. ಯಾರದೋ ಅಕ್ಕಿಚೀಲದ ಹಿಂದೆ ಮಗುಚಿ ಬಿದ್ದಿತ್ತು. ತೆಗೆದು ಕಾಲ ಮುಂದೆ ಇಟ್ಟೆ. ಅವರು ನನ್ನ ಹೆಗಲು ಹಿಡಿದು ಮೆಟ್ಟಿಕೊಂಡರು.

ಬಾಗಿಲಿನತನಕ ಚೀಲ ಹಿಡಿದು ಹೋದೆ. ಇಳಿದು ನಿಂತು, “ಯಾವೂರವ್ವ ನಿಂದು?” ಅಂದರು.

“ತವರು ಸಿರುಗುಪ್ಪ ರೀ.”

“ಹೌದಾ? ಭತ್ತದ ಊರು” ಅಂದರು. ಇನ್ನೂ ಏನೋ ಹೇಳುವವರಿದ್ದರು, ಕೂಲಿಯವನೊಬ್ಬ ನಡುವೆ ಬಂದ. ಗಾಡಿ ಬಿಟ್ಟಿತು. ನನ್ನ ಕೈಯಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು.